ಬಿಳಿ ಹಾಸಿಗೆ ಮತ್ತು ಭಂಡಾರ

ಜೇಜುರಿಗೆ ಹೋಗಿಬಂದವರನ್ನು ಪುಣೆಯ ಬಸ್ಸಿನಲ್ಲಿ ಯಾರೂ ಹೇಳದೆಯೇ ಗುರುತಿಸಬಹುದು. ಕಿವಿಯ ಹಿಂದೆ, ಅಂಗಿಯ ಕಾಲರಿನಲ್ಲಿ, ಚೀಲದ ಹೊಲಿಗೆಯಲ್ಲಿ ಅರಿಶಿನ. ಖಂಡೋಬನ ಗುಡ್ಡದ ಮೇಲೆ ಭಕ್ತರು ಮುಷ್ಟಿಗಟ್ಟಲೆ ಭಂಡಾರ ತೂರುತ್ತಾರೆ. ಮೆಟ್ಟಿಲು, ದೀಪಮಾಲೆ, ಮನುಷ್ಯ, ನಾಯಿ ಎಲ್ಲ ಒಂದೇ ಬಣ್ಣ. ಎರಡು ಸಲ ಒಗೆದರೂ ಹೋಗುವುದಿಲ್ಲ. ನನ್ನ ತಕರಾರು ಹುಟ್ಟಿದ್ದು ಈ ಕಲೆಯಿಂದಲೇ.

ನಾವು ಅಥಣಿ ಕಡೆಯವರು. ಮಂಗಸೂಳಿಯ ಖಂಡೋಬ ನಮ್ಮ ಮನೆದೇವರು. ಜೇಜುರಿಗೆ ಹೋಗಬೇಕೆಂಬುದು ನಮ್ಮ ಆಯಿಯ, ಅಂದರೆ ನನ್ನ ತಾಯಿಯ ತಾಯಿಯ, ಬಹಳ ವರ್ಷದ ಹರಕೆ. ಕಳೆದ ಚಂಪಾಷಷ್ಠಿ ಮುಗಿದ ಮೇಲೆ ಮೀರಜಿನಲ್ಲಿ ರೈಲು ಹತ್ತಿಸಿ ಕರೆದುಕೊಂಡು ಹೋದೆ. ಪುಣೆಯಲ್ಲಿ ನೌಕರಿಯಲ್ಲಿರುವ ಅಣ್ಣ, "ಆಯಿ ಒಂದು ರಾತ್ರಿಯಾದರೂ ಸುಖವಾಗಿ ಮಲಗಲಿ" ಅಂತ, ಹಳೆಯ ವಾಡೆಯೊಂದನ್ನು ರಿಪೇರಿ ಮಾಡಿ ನಡೆಸುತ್ತಿರುವ ಬುಟಿಕ್ ಹೋಟೆಲಿನಲ್ಲಿ ಕೋಣೆ ಹಿಡಿದಿದ್ದ. ಒಂದು ರಾತ್ರಿಯ ಬಾಡಿಗೆ ನನ್ನ ಹಾಸ್ಟೆಲಿನ ಒಂದು ತಿಂಗಳ ಊಟದ ಖರ್ಚು.

ಚೆಂದವಾಗಿತ್ತು, ಸುಳ್ಳು ಹೇಳಲಾರೆ. ಕೆತ್ತನೆಯ ಬಾಗಿಲು, ನಡುವೆ ಅಂಗಳ, ತಿಕ್ಕಿ ಹೊಳೆಯಿಸಿದ ತಾಮ್ರದ ಹಂಡೆ. ಬೀಸುವ ಕಲ್ಲಿನ ಮೇಲೆ ಹೂವಿನ ಕುಂಡ. ಗೋಡೆಯ ಮೇಲೆ, ಅರಿಶಿನದಲ್ಲಿ ಮುಳುಗಿದ ವಾಘ್ಯಾ ಒಬ್ಬನ ದೊಡ್ಡ ಫೋಟೋ. ಅದರ ಕೆಳಗೇ ಸಣ್ಣ ಬೋರ್ಡು: ಭಂಡಾರ ಹತ್ತಿದ ಬಟ್ಟೆಯಲ್ಲಿ ಹಾಸಿಗೆಯ ಮೇಲೆ ಕೂರಬಾರದು, ಕಲೆಯಾದರೆ ದಂಡ.

ಆಯಿಗೆ ಓದಿ ಹೇಳಿದೆ. "ದೇವರ ಭಂಡಾರಕ್ಕ ದಂಡ ಏನಪಾ?" ಅಂದಳು. ಆಮೇಲೆ ಮಾತಾಡಲಿಲ್ಲ. ಗುಡ್ಡದಿಂದ ಇಳಿದು ಬಂದವಳು ತನ್ನ ಕಂಬಳಿಯನ್ನು ನೆಲಕ್ಕೆ ಹಾಸಿಕೊಂಡು ಮಲಗಿದಳು. ಬಿಳಿ ಹಾಸಿಗೆ ಬೆಳಗಿನವರೆಗೂ ಇಸ್ತ್ರಿ ಮುರಿಯದೆ ಹಾಗೇ ಇತ್ತು.

ಮರುದಿನ ಊರೊಳಗಿನ ಪೂಜಾರಿಯೊಬ್ಬರ ಮನೆಗೆ ಹೋದೆವು. ಅದನ್ನು ಸ್ವರ್ಗವೆಂದು ಬಣ್ಣಿಸುವ ಹುಂಬತನ ನನಗಿಲ್ಲ. ಇಪ್ಪತ್ತು ಜನಕ್ಕೆ ಒಂದು ಪಾಯಖಾನೆ, ನಸುಕಿನ ನಾಲ್ಕಕ್ಕೇ ಸರದಿ. ಹೆಂಗಸರ ಪಾಡಂತೂ ಕೇಳಬೇಡಿ. ಪೂಜೆಗಿಷ್ಟು, ಕೋಣೆಗಿಷ್ಟು, ದಕ್ಷಿಣೆ ಬೇರೆ ಎಂದು ಪೂಜಾರಿ ಮೊದಲೇ ಲೆಕ್ಕ ಹೇಳಿದರು. ಆದರೆ ಆ ಮನೆಯ ಹೆಣ್ಣುಮಗಳು ಆಯಿಯ ಸೀರೆಯ ಅರಿಶಿನ ನೋಡಿ ಚಾಪೆ ಬಿಡಿಸಿದಳು, "ಕಾನಡಿ?" ಎಂದು ಕೇಳಿ, ನಿಮ್ಮ ಕಡೆಯಿಂದಲೇ ಬಂದ ದೇವರಲ್ಲವೇ ಎಂದಳು. ಇವಳಿಗೆ ಮರಾಠಿ ಅರ್ಧ, ಅವಳಿಗೆ ಕನ್ನಡ ನಾಲ್ಕು ಮಾತು. ಗುಡ್ಡದ ಮೇಲೆ ಅವರು "ಯೇಳಕೋಟ" ಎಂದು ಕೂಗುವುದು ನಮ್ಮ ಮೈಲಾರದ ಗೊರವರು ಕೂಗುವ "ಏಳುಕೋಟಿ"ಯೇ ಅಲ್ಲವೇ ಎಂಬ ಚರ್ಚೆ ಹತ್ತು ಗಂಟೆಯವರೆಗೆ ನಡೆಯಿತು. ಆ ರಾತ್ರಿ ಆಯಿ ನಿದ್ದೆ ಮಾಡಿದಳು.

ನಮ್ಮ ಸಾಹಿತ್ಯಕೂಟದಲ್ಲಿ ಜೇಜುರಿ ಎಂದೊಡನೆ ಅರುಣ ಕೊಲಟ್ಕರರ ಹೆಸರು ಬರುತ್ತದೆ. 1976ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕವನಗಳ ಗುಚ್ಛಕ್ಕೆ 1977ರಲ್ಲಿ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಬಂತು. ಅದು ಬಸ್ಸಿನಲ್ಲಿ ಶುರುವಾಗಿ ರೈಲು ನಿಲ್ದಾಣದಲ್ಲಿ ಮುಗಿಯುತ್ತದೆ. ಬಸ್ಸಿನ ದಾರಿ ಕಾಯುತ್ತ ಇಂದಿನ ಸಂಪಾದನೆಯನ್ನು ಎಣಿಸುವ ಪೂಜಾರಿ ಅಲ್ಲಿದ್ದಾನೆ. ಆ ಪೂಜಾರಿಯನ್ನು ನಾನೂ ಕಂಡೆ. ಕವಿ ಸುಳ್ಳು ಹೇಳಿಲ್ಲ. ಆದರೆ ನಮ್ಮಿಂದ ದುಡ್ಡು ಎಣಿಸಿಕೊಂಡ ಪೂಜಾರಿಯೇ ರಾತ್ರಿ ಚಳಿಗೆ ತನ್ನ ರಗ್ಗು ತಂದು ಆಯಿಗೆ ಹೊದಿಸಿದ. ಲೆಕ್ಕವೂ ಉಂಟು, ಆದರವೂ ಉಂಟು. ಎರಡೂ ಒಂದೇ ಮನುಷ್ಯನಲ್ಲಿರುವುದು ಅವನ ಮನೆಯಲ್ಲಿ ರಾತ್ರಿ ಕಳೆದವರಿಗೆ ಮಾತ್ರ ತಿಳಿಯುತ್ತದೆ.

ಇದು ಜೇಜುರಿಯೊಂದರ ಕಥೆಯಲ್ಲ. ಕಡಲ ದಂಡೆಯ ಹಳೆಯ ಊರುಗಳಲ್ಲಿ ಇದು ಎಂದೋ ಶುರುವಾಯಿತು. ಪುದುಚೇರಿಯ ಫ್ರೆಂಚರ ಕೇರಿ, ಫೋರ್ಟ್ ಕೊಚ್ಚಿ, ಪಣಜಿಯ ಫೊಂಟೈನಾಸ್ ಎಲ್ಲ ಕಡೆ ಹಳೆಯ ಮನೆಗಳು ಹೋಟೆಲುಗಳಾಗಿವೆ. ನಮ್ಮ ಗೋಕರ್ಣದಲ್ಲಿ ಯಾತ್ರಿಕರು ಭಟ್ಟರ ಮನೆಯ ಜಗಲಿಯಲ್ಲಿ ಉಳಿಯುವ ರೂಢಿ ಹಳೆಯದು. ಈಗ ಕುಡ್ಲೆ, ಓಂ ಬೀಚುಗಳ ಕಡೆ ರೆಸಾರ್ಟುಗಳು. ಅಲ್ಲಿ ಉಳಿದವರಿಗೆ ಕೋಟಿತೀರ್ಥವೂ ಮಹಾಬಲೇಶ್ವರನೂ ಒಂದು ಸಂಜೆಯ ನೋಟ.

ಇದಕ್ಕೆ ಗೆಳೆಯರು ಹೇಳುವ ಉತ್ತರ ಗೊತ್ತು. ಹೋಟೆಲಿನವರು ಕೊಳ್ಳದಿದ್ದರೆ ಆ ವಾಡೆ ಬಿದ್ದೇ ಹೋಗುತ್ತಿತ್ತು. ನಿಜ. ಬೀಳುವ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ ವಿಜಯನಾಥ ಶೆಣೈಯವರಂಥವರು ಊರಿಗೊಬ್ಬರು ಸಿಗುವುದಿಲ್ಲ. ದುಡ್ಡು ತಂದಾದರೂ ಗೋಡೆ ಉಳಿಸುವವರನ್ನು ನಾನು ಬೈಯುವುದಿಲ್ಲ. ನನ್ನ ಪ್ರಶ್ನೆ ಇಷ್ಟೆ: ಗೋಡೆ ಉಳಿಯಿತು, ಆ ಗೋಡೆಯೊಳಗೆ ಯಾರು ಬರಬಹುದು? ವಾಘ್ಯಾನ ಫೋಟೋಕ್ಕೆ ಜಾಗವಿದೆ. ವಾಘ್ಯಾನೇ ಬಂದು ಹಾಸಿಗೆಯ ಮೇಲೆ ಕೂತರೆ ದಂಡ!

ಕಥೆಯ ಪ್ರಕಾರ ಖಂಡೋಬನೇ ಒಮ್ಮೆ ಪರರ ಮನೆಯಲ್ಲಿದ್ದವನು. ಮ್ಹಾಳಸೆಯೊಡನೆ ಪಗಡೆಯಾಡಿ ಸೋತು, ಮನೆ ಬಿಟ್ಟು, ಧನಗರರ ಮನೆಯಲ್ಲಿ ಕುರಿ ಕಾಯುವ ಆಳಾಗಿ ನಿಂತ. ಆ ಮನೆಯ ಮಗಳು ಬಾಣಾಯಿಯನ್ನೇ ವರಿಸಿದ. ಬಾಣಾಯಿಯ ಗುಡಿ ಇಂದಿಗೂ ಗುಡ್ಡದ ನಡುವಿನಲ್ಲಿದೆ. ಕುರಿಹಟ್ಟಿಯ ವಾಸನೆ ಹೊತ್ತ ಆ ಆಳು ಈಗ ಬಂದು ಕೋಣೆ ಕೇಳಿದರೆ ಬಾಗಿಲಲ್ಲಿ ನಿಂತ ವಾಚಮನ್ನನು ಏನೆಂದಾನು?

ಹಾಗಾದರೆ ಏನು ಮಾಡಬೇಕು? ಎರಡು ಕೆಲಸ. ಮೊದಲನೆಯದು ಊರಿನ ಆಡಳಿತದ್ದು: ಯಾತ್ರಿಕರಿಗೆ ಸಾಕಷ್ಟು ಶುಚಿಯಾದ ಪಾಯಖಾನೆ, ಬಚ್ಚಲು, ಬಿಸಿನೀರು. ಇದು ಎಲ್ಲಿಯವರೆಗೆ ಸಾಲದೋ ಅಲ್ಲಿಯವರೆಗೆ ಶುಚಿತ್ವವು ದುಡ್ಡಿದ್ದವರು ಕೊಳ್ಳುವ ಸಾಮಾನಾಗಿಯೇ ಉಳಿಯುತ್ತದೆ. ನನ್ನಂಥವರು ಆದರ ಬೇಕೋ ಪಾಯಖಾನೆ ಬೇಕೋ ಎಂದು ಆರಿಸಬೇಕಾಗುತ್ತದೆ. ಎಂಬತ್ತರ ಮುದುಕಿಯ ಮುಂದೆ ಇಡುವ ಪ್ರಶ್ನೆಯೇ ಇದು?

ಎರಡನೆಯದು ಹೋಟೆಲಿನವರದು, ಬಹಳ ಅಗ್ಗದ್ದು. ಬೋರ್ಡು ತೆಗೆದು ಹಳದಿ ಚಾದರ ಹಾಸಲಿ.

ಊರಿಗೆ ಮರಳಿದ ಮೇಲೆ ಅಣ್ಣ ಫೋನಿನಲ್ಲಿ "ರೂಮು ಹೆಂಗಿತ್ತ ಆಯಿ?" ಎಂದು ಕೇಳಿದ. "ಭಾಳ ಚಲೋ ಇತ್ತಪಾ, ಮುಟ್ಟಾಕ ಹೆದರಿಕಿ ಬಂತು" ಅಂದಳು. ಪ್ರೀತಿಯಿಂದ ಖರ್ಚು ಮಾಡಿದ ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಮುಟ್ಟಲು ಹೆದರಿಸುವ ಚೆಂದದ ಮೇಲೆ ಇದೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.