ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಹೇಳಬಹುದೇ?



ಈ ಸಲ ಹಪ್ಪಳ, ಸಂಡಿಗೆಯ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಓದುಗ ಸೋದರಿಯೊಬ್ಬರ ಪತ್ರ ಬಂತು. ಅದನ್ನು ಮುಂದಿನ ಸಂಚಿಕೆಗೆ ತಳ್ಳುವ ಹಾಗಿಲ್ಲ. ಯಾಕೆಂದರೆ ಅವರು ಕೈಬಳೆ ಅಡವಿಡಲು ಹೊರಟಿದ್ದಾರೆ! ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರಾಂಶ ಇಷ್ಟು:

"ಅಕ್ಕಾ, ನನ್ನ ಮಗಳಿಗೆ ಇಪ್ಪತ್ತೆರಡು ವರ್ಷ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾಳೆ. ಅವರ ತಂದೆಗೆ ಕಾಯಿಲೆಯಾದ್ದರಿಂದ ಬಿ.ಎ. ಎರಡನೇ ವರ್ಷಕ್ಕೇ ನಿಂತುಹೋಯಿತು. ಈಗ ಒಬ್ಬ ಏಜೆಂಟರು ಥೈಲ್ಯಾಂಡಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸವಿದೆ, ಡಿಗ್ರಿ ಬೇಡ, ಟೂರಿಸ್ಟ್ ಅಂತ ಹೋದರೆ ಮುಂದಿನದನ್ನು ಅಲ್ಲೇ ಸರಿ ಮಾಡಿಸುತ್ತೇವೆ ಎನ್ನುತ್ತಾರೆ. ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಮಗಳು ಹೋಗಲೇಬೇಕು ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?"

ತಂಗಿ, ಮೊದಲು ಒಂದು ಮಾತು. ಮಗಳನ್ನು ಬೈಯಬೇಡಿ. ಅಪ್ಪನ ಕಾಯಿಲೆಗಾಗಿ ಓದು ಬಿಟ್ಟ ಹುಡುಗಿ, ಮನೆಗೆ ನಾಲ್ಕು ಕಾಸು ತರಬೇಕು ಎಂದು ಆಸೆಪಟ್ಟರೆ ಅದು ತಪ್ಪಲ್ಲ. ಆದರೆ ಅವಳು ಹೊರಟಿರುವ ದಾರಿ ಸರಿಯಿಲ್ಲ. ಹೇಗೆ ಅಂತ ಹೇಳ್ತೀನಿ, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಇಲ್ಲಿ ಎರಡು ಬೇರೆ ಬೇರೆ ಕಾಗದಗಳ ಪ್ರಶ್ನೆ ಇದೆ. ಒಂದು ಡಿಗ್ರಿ. ಪಾಠ ಹೇಳಲು ಇವಳಿಗೆ ಯೋಗ್ಯತೆ ಇದೆ ಎಂದು ತೋರಿಸುವುದು ಅದು. ಇನ್ನೊಂದು ಕೆಲಸದ ವೀಸಾ ಮತ್ತು ವರ್ಕ್ ಪರ್ಮಿಟ್. ಆ ದೇಶದಲ್ಲಿ ದುಡಿಯಲು ಅಲ್ಲಿನ ಸರ್ಕಾರ ಕೊಡುವ ಒಪ್ಪಿಗೆ ಅದು. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಎಂ.ಎ. ಮಾಡಿದವಳೂ ಪ್ರವಾಸಿಯಾಗಿ ಹೋಗಿ ಪಾಠ ಹೇಳಿದರೆ ಅಪರಾಧವೇ. ಟೂರಿಸ್ಟ್ ವೀಸಾ ಎಂದರೆ ಏನು ಹೇಳಿ? ಹಬ್ಬಕ್ಕೆ ಬನ್ನಿ ಎಂದು ಕರೆದ ಹಾಗೆ. ಬಂದ ನೆಂಟರು ಉಣ್ಣಲಿ, ತಿರುಗಾಡಲಿ, ನಾಲ್ಕು ದಿನ ಇರಲಿ. ನಮ್ಮ ಜಗಲಿಯ ಮೇಲೆ ಅಂಗಡಿ ತೆರೆದು ಕೂತರೆ ಸುಮ್ಮನಿರುತ್ತೀವಾ? ಪ್ರವಾಸಿಗಳಿಗೆ ವೀಸಾನೇ ಬೇಡ ಎಂದು ಒಂದು ದೇಶ ರಿಯಾಯಿತಿ ಕೊಟ್ಟಾಗಲೂ ಅಷ್ಟೇ, ಅದು ನೋಡಿಕೊಂಡು ಬರುವುದಕ್ಕೆ.

ಈಗ ಥೈಲ್ಯಾಂಡಿನ ಕಾನೂನು ನೋಡೋಣ. ನಮ್ಮ ನೆಂಟರ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ, ಸರಿಯಾದ ದಾರಿಯಲ್ಲೇ ಅಲ್ಲಿಗೆ ಹೋಗಿ ಪಾಠ ಹೇಳುತ್ತಿದ್ದಾಳೆ. ನಾನು ಓದಿದ್ದು ಬರೀ ಎಸ್ಸೆಸ್ಸೆಲ್ಸಿ. ಅವಳು ಬಿಡಿಸಿ ಹೇಳಿದ ಮೇಲೆ ನನಗೂ ಅರ್ಥವಾಯಿತು. ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಲು ಕನಿಷ್ಠ ಒಂದು ಪದವಿ ಬೇಕು. ಜೊತೆಗೆ ಶಿಕ್ಷಕರ ಲೈಸೆನ್ಸು. ಅದನ್ನು ಕೊಡುವುದು ಅಲ್ಲಿನ ಶಿಕ್ಷಕರ ಮಂಡಳಿ, ಹೆಸರು ಖುರುಸಪಾ. ಬಿ.ಎಡ್. ಇಲ್ಲದ ಪದವೀಧರರಿಗೆ ಶಾಲೆಯವರು ಕೇಳಿಕೊಂಡರೆ ತಾತ್ಕಾಲಿಕ ಅನುಮತಿ ಸಿಗುತ್ತದೆ. ಆದರೆ ಅದಕ್ಕೂ ಪದವಿ ಬೇಕೇ ಬೇಕು. ಭಾರತದವರಾದರೆ ಟೋಯಿಕ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯನ್ನೂ ಕೇಳುತ್ತಾರೆ. ಇಷ್ಟಾದ ಮೇಲೆ 'ನಾನ್-ಇಮಿಗ್ರೆಂಟ್ ಬಿ' ಎಂಬ ವೀಸಾ, ಆಮೇಲೆ ವರ್ಕ್ ಪರ್ಮಿಟ್. ಪರ್ಮಿಟ್ಟಿನಲ್ಲಿ ಕೆಲಸ ಕೊಟ್ಟವರ ಹೆಸರೂ ಇರುತ್ತದೆ. ಒಂದು ಶಾಲೆಗೆ ಪಡೆದದ್ದನ್ನು ಇಟ್ಟುಕೊಂಡು ಮನಸ್ಸಿಗೆ ಬಂದ ಕಡೆಯೆಲ್ಲ ದುಡಿಯುವ ಹಾಗಿಲ್ಲ.

"ಅಲ್ಲೇ ಸರಿ ಮಾಡಿಸುತ್ತೇವೆ" ಎನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದಕ್ಕೇ ಜನ ನಂಬುವುದು. ಪ್ರವಾಸಿಯಾಗಿ ಹೋದವರು ಅಲ್ಲಿದ್ದುಕೊಂಡೇ ವೀಸಾ ಬದಲಾಯಿಸಲು ಕೆಲವು ಸಂದರ್ಭಗಳಲ್ಲಿ ಅವಕಾಶವಿದೆ. ಆದರೆ ಶಾಲೆಯವರು ಕಾಗದಪತ್ರ ಕೊಡಬೇಕು, ಆ ಕಾಗದಗಳ ಜೊತೆ ಡಿಗ್ರಿಯನ್ನೂ ಇಡಬೇಕು. ಇಲ್ಲದ ಡಿಗ್ರಿಯನ್ನು ಎಲ್ಲಿಂದ ಇಡುವುದು? ಇನ್ನು ಪರ್ಮಿಟ್ ಕೈಗೆ ಬರುವ ಮೊದಲೇ ಕ್ಲಾಸು ತೆಗೆದುಕೊಂಡರೆ ಅದೂ ಅಪರಾಧವೇ. ಹಾಗಾಗಿ ಇಂಥ ಹುಡುಗಿಯರು ಪ್ರವಾಸಿಗಳಾಗಿಯೇ ಉಳಿಯುತ್ತಾರೆ. ಅವಧಿ ಮುಗಿಯುತ್ತಾ ಬಂದ ಹಾಗೆ ಬಸ್ಸು ಹತ್ತಿ ಪಕ್ಕದ ಲಾವೋಸ್ ಗಡಿಗೆ ಹೋಗಿ, ಮುದ್ರೆ ಒತ್ತಿಸಿಕೊಂಡು ತಿರುಗಿ ಬರುವುದು. ಇದಕ್ಕೆ 'ವೀಸಾ ರನ್' ಅಂತ ಹೆಸರೇ ಇದೆ. ಒಂದು ದಿನ ಗಡಿಯಲ್ಲಿ ಅಧಿಕಾರಿ "ಇಷ್ಟು ಸಲ ಯಾಕೆ ಬರ್ತೀಯಮ್ಮಾ?" ಎಂದು ತಡೆದರೆ ಬಟ್ಟೆಬರೆ, ಸಂಬಳ ಎಲ್ಲ ಒಳಗೆ, ಹುಡುಗಿ ಹೊರಗೆ!

ಸಿಕ್ಕಿಬಿದ್ದರೆ ಏನು ಶಿಕ್ಷೆ? 2017ರಲ್ಲಿ ಥಾಯ್ ಸರ್ಕಾರ ವಿದೇಶೀಯರ ದುಡಿಮೆಯ ಬಗ್ಗೆ ಹೊಸ ಕಾನೂನು ತಂದು, 2018ರಲ್ಲಿ ತಿದ್ದುಪಡಿ ಮಾಡಿತು. ಅದರ ಪ್ರಕಾರ ಪರ್ಮಿಟ್ ಇಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 50,000 ಬಾತ್ ದಂಡ. 50,000 ಬಾತ್ ಎಂದರೆ ನಮ್ಮ ಲಕ್ಷ ರೂಪಾಯಿ ಮೀರಿದ ಹಣ. ದಂಡ ಕಟ್ಟಿದ ಮೇಲೆ ದೇಶದಿಂದ ಹೊರಗೆ ಕಳುಹಿಸುತ್ತಾರೆ. ಮುಂದೆ ಎರಡು ವರ್ಷ ವರ್ಕ್ ಪರ್ಮಿಟ್ ಕೊಡುವುದಿಲ್ಲ. ಕೆಲಸ ಕೊಟ್ಟ ಶಾಲೆಗೂ ದಂಡ ಇದೆ. ಆದರೆ ಶಾಲೆ ನಾಳೆ ಇನ್ನೊಬ್ಬಳನ್ನು ಕರೆಯುತ್ತದೆ. ಇಲ್ಲಿ ದುಡ್ಡು ಎಣಿಸಿಕೊಂಡ ಏಜೆಂಟ್ ತನ್ನ ಮನೆಯಲ್ಲಿ ತಣ್ಣಗೆ ಇರುತ್ತಾನೆ. ಅಲ್ಲಿನ ಪೊಲೀಸರ ಮುಂದೆ ನಿಲ್ಲುವವಳು ನಿಮ್ಮ ಮಗಳು. ಸಂಬಳ ಕೊಡದೆ ಸತಾಯಿಸಿದರೂ ದೂರು ಕೊಡಲು ಬಾಯಿ ಬರುವುದಿಲ್ಲ, ಯಾಕೆಂದರೆ ದೂರು ಕೊಡಲು ಹೋದರೆ ತನ್ನ ತಪ್ಪೇ ಮೊದಲು ಹೊರಗೆ ಬರುತ್ತದೆ.

"ಥೈಲ್ಯಾಂಡ್ ಬೇಡವಾದರೆ ಬೇರೆ ದೇಶ" ಎನ್ನುವವರೂ ಇದ್ದಾರೆ. ಸ್ವಲ್ಪ ನೋಡಿ. ಚೀನಾದಲ್ಲಿ ಪಾಠ ಹೇಳಲು ಪದವಿಯೂ ಬೇಕು, 'ಜೆಡ್' ಎಂಬ ಕೆಲಸದ ವೀಸಾವೂ ಬೇಕು. ಸಾಮಾನ್ಯವಾಗಿ ಅವರು ಒಪ್ಪುವುದು ಇಂಗ್ಲಿಷ್ ಮಾತೃಭಾಷೆಯಾದ ಕೆಲವೇ ದೇಶಗಳವರನ್ನು. 2013ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ ಅಕ್ರಮವಾಗಿ ದುಡಿದವರಿಗೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ ಐದರಿಂದ ಹದಿನೈದು ದಿನ ಬಂಧನ. ವಿಯೆಟ್ನಾಮಿನಲ್ಲೂ ಪದವಿ, ಬೋಧನೆಯ ಸರ್ಟಿಫಿಕೇಟು, ವರ್ಕ್ ಪರ್ಮಿಟ್ ಮೂರೂ ಬೇಕು. ಅಲ್ಲಿನ 2022ರ ಆದೇಶದಲ್ಲಿ ಪರ್ಮಿಟ್ ಇಲ್ಲದವರಿಗೆ 1.5 ಕೋಟಿಯಿಂದ 2.5 ಕೋಟಿ ಡಾಂಗ್ ದಂಡ ಹೇಳಿದೆ. ಕೋಟಿ ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ, ಅವರ ದುಡ್ಡಿಗೆ ಬೆಲೆ ಕಡಿಮೆ. ಆದರೆ ಜೊತೆಗೆ ಗಡೀಪಾರೂ ಇದೆ. ದಕ್ಷಿಣ ಕೊರಿಯಾದವರು ಇಂಗ್ಲಿಷ್ ಬೋಧಕರ ವೀಸಾ ಕೊಡುವುದು ಅಮೆರಿಕ, ಇಂಗ್ಲೆಂಡಿನಂಥ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಿಂದ ನಮ್ಮವರಿಗೂ ಒಂದು ಕಿಟಕಿ ತೆರೆದಿದೆ, ಆದರೆ ಅದು ಪದವಿಯೂ ಶಿಕ್ಷಕರ ಅರ್ಹತಾಪತ್ರವೂ ಇದ್ದವರಿಗೆ ಮಾತ್ರ.

'ಟೆಫಲ್' ಎಂಬ ಸರ್ಟಿಫಿಕೇಟಿನ ಮಾತೂ ಬರುತ್ತದೆ. ಇಂಗ್ಲಿಷ್ ಹೇಳಿಕೊಡುವುದನ್ನು ಕಲಿಸುವ ಕೋರ್ಸು ಅದು, ಕಲಿತರೆ ಒಳ್ಳೆಯದೇ. ಆದರೆ ಅದು ಡಿಗ್ರಿಯ ಜಾಗ ತುಂಬುವುದಿಲ್ಲ. ಒಗ್ಗರಣೆ ಎಷ್ಟೇ ಘಮಘಮಿಸಲಿ, ಬೇಳೆಯೇ ಬೇಯದಿದ್ದರೆ ಸಾರಾದೀತೇ? ಇನ್ನು "ಡಿಗ್ರಿಯನ್ನೂ ನಾವೇ ಮಾಡಿಸಿಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಆ ಬಾಗಿಲಿಂದಲೇ ಎದ್ದು ಬನ್ನಿ. ಖೋಟಾ ಸರ್ಟಿಫಿಕೇಟು ಇಲ್ಲಿಯೂ ಅಪರಾಧ, ಅಲ್ಲಿಯೂ ಅಪರಾಧ.

ಇನ್ನೊಂದು ಭಯವನ್ನೂ ಹೇಳಿಬಿಡಬೇಕು. ಥೈಲ್ಯಾಂಡಿನಲ್ಲಿ ಒಳ್ಳೆಯ ಕೆಲಸ ಎಂದು ನಂಬಿ ಬ್ಯಾಂಕಾಕಿನಲ್ಲಿ ಇಳಿದ ಭಾರತೀಯರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಕಡೆಗೆ ಸಾಗಿಸಿ, ಕೂಡಿಹಾಕಿ, ಕಂಪ್ಯೂಟರಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸ ಮಾಡಿಸಿದ್ದು ನಡೆದಿದೆ. ಅವರಿಗೆ ಹೇಳಿದ್ದು ಪಾಠದ ಕೆಲಸವಲ್ಲ, ಕಂಪ್ಯೂಟರ್ ಕೆಲಸ. ಆದರೆ ಕರೆದೊಯ್ದ ಬಗೆ ಇದೇ. ಟೂರಿಸ್ಟ್ ಅಂತ ಬಾ, ಮುಂದಿನದು ಅಲ್ಲಿ! ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚಿನಲ್ಲಿ ಹೀಗೆ ಸಿಕ್ಕಿಬಿದ್ದಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸು ಕರೆತರಬೇಕಾಯಿತು. ಪ್ರತಿ ಏಜೆಂಟನೂ ಅಂಥವನೇ ಎನ್ನುವುದಿಲ್ಲ. ಆದರೆ ಕೈಯಲ್ಲಿ ಕೆಲಸದ ವೀಸಾ ಇಲ್ಲದೆ ಹೊರಟವಳಿಗೆ, ಯಾವ ಗಾಡಿ ಎಲ್ಲಿಗೆ ಒಯ್ಯುತ್ತದೆ ಎಂದು ಕೇಳುವ ಬಲವೂ ಇರುವುದಿಲ್ಲ.

ಹಾಗಾದರೆ ಏಜೆಂಟರ ಮುಂದೆ ಕೂತಾಗ ಏನು ಕೇಳಬೇಕು? ಇದನ್ನು ಕತ್ತರಿಸಿ ಇಟ್ಟುಕೊಳ್ಳಿ.

1. ನಿಮ್ಮ ಲೈಸೆನ್ಸ್ ನಂಬರು ಏನು? 1983ರ ವಲಸೆ ಕಾಯ್ದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. 'ಇ-ಮೈಗ್ರೇಟ್' ಎಂಬ ಸರ್ಕಾರಿ ತಾಣದಲ್ಲಿ ಅವರ ಹೆಸರು ಇದೆಯೇ ಎಂದು ಮಗಳೇ ಫೋನಿನಲ್ಲಿ ನೋಡಬಹುದು.

2. ಒಂದೂವರೆ ಲಕ್ಷ ಯಾವ ಬಾಬ್ತು? ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಕೊಟ್ಟದ್ದಕ್ಕೆ ರಸೀದಿ ಕೊಡುತ್ತೀರಾ?

3. ಶಾಲೆಯ ಹೆಸರು, ವಿಳಾಸ, ಸಂಬಳ ಬರೆದ ಕರಾರುಪತ್ರ ಎಲ್ಲಿದೆ? ಆ ಶಾಲೆಗೆ ನಾವೇ ಫೋನು ಮಾಡಿ ಮಾತಾಡಬಹುದೇ?

4. ಯಾವ ವೀಸಾ? 'ಟೂರಿಸ್ಟ್' ಎಂಬ ಪದ ಬಾಯಿಂದ ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಸಂಶಯ ಬಂದರೆ ವಿದೇಶಾಂಗ ಸಚಿವಾಲಯದ ಸಹಾಯವಾಣಿ ಇದೆ, 1800 11 3090. ಕರೆಗೆ ದುಡ್ಡಿಲ್ಲ. ಕೇಳಲು ಸಂಕೋಚ ಬೇಡ. ನಾಲ್ಕು ರೂಪಾಯಿ ಬದನೆಕಾಯಿಗೆ ಚೌಕಾಸಿ ಮಾಡುವ ನಾವು, ಮಗಳ ವಿಷಯದಲ್ಲಿ ಎರಡು ಪ್ರಶ್ನೆ ಕೇಳಲು ಯಾಕೆ ನಾಚಬೇಕು?

ಮಗಳಿಗೂ ಒಂದು ಮಾತು. ಮಗೂ, ನಿನ್ನ ಇಂಗ್ಲಿಷ್ ಎಲ್ಲಿಗೂ ಓಡಿಹೋಗುವುದಿಲ್ಲ. ನಿನಗೆ ಉಳಿದಿರುವುದು ಡಿಗ್ರಿಯ ಸ್ವಲ್ಪ ಓದು. ನಿನ್ನ ಹಳೇ ಕಾಲೇಜಿನಲ್ಲೇ ಮತ್ತೆ ಸೇರಲು ಆಗುತ್ತದೆಯೇ ಎಂದು ಮೊದಲು ವಿಚಾರಿಸು. ಆಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಇದೆ, ಮನೆಯಲ್ಲಿದ್ದುಕೊಂಡೇ ಓದಬಹುದು. ಕೆಲವು ದೇಶಗಳು ದೂರಶಿಕ್ಷಣದ ಪದವಿಗೆ ತಕರಾರು ತೆಗೆಯುವುದುಂಟು. ಹೊರಡುವ ಮೊದಲು ಕೆಲಸ ಕೊಡುವ ಶಾಲೆಯಿಂದಲೇ ಬರಹದಲ್ಲಿ ಕೇಳಿಕೋ. ಓದುವಾಗಲೇ ಊರಿನ ಹತ್ತು ಮಕ್ಕಳಿಗೆ ಸಂಜೆ ಇಂಗ್ಲಿಷ್ ಟ್ಯೂಷನ್ ಹೇಳು. ಕೈಖರ್ಚಿಗೂ ಆಯಿತು, ಪಾಠ ಹೇಳುವ ಅಭ್ಯಾಸವೂ ಆಯಿತು. ಆಮೇಲೆ ಸರಿಯಾದ ವೀಸಾ ಹಿಡಿದು ಹೋಗು. ಆಗ ನಿಮ್ಮ ಅಮ್ಮನೇ ಚಟ್ನಿಪುಡಿ ಕಟ್ಟಿಕೊಟ್ಟು ಕಳುಹಿಸುತ್ತಾರೆ.

ತಂಗಿ, ಬಳೆ ಕೈಯಲ್ಲೇ ಇರಲಿ. ತೆಗೆಯಲೇಬೇಕಾದರೆ ಮಗಳ ಕಾಲೇಜು ಫೀಜಿಗೆ ತೆಗೆಯಿರಿ.

ಉಳಿದ ಸೋದರಿಯರೇ, ನಿಮ್ಮ ಊರಿನಲ್ಲೂ "ಡಿಗ್ರಿ ಬೇಡ, ವೀಸಾ ನಾವು ನೋಡ್ಕೋತೀವಿ" ಎನ್ನುವ ಬೋರ್ಡುಗಳಿದ್ದರೆ ನೆರೆಮನೆಯವರಿಗೂ ಈ ಪುಟ ಓದಿ ಹೇಳಿ. ಹಪ್ಪಳ, ಸಂಡಿಗೆ ಮುಂದಿನ ಸಂಚಿಕೆಯಲ್ಲಿ.