ಕಾಳಿಗೂ ಒಂದು ಕಲ್ಲು

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿರುವುದು ನಾಯಿ ಮತ್ತು ಕಾಡುಹಂದಿಯ ಕಾದಾಟ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನಗಾಗಿ ಕಾದಿದ ಮಣಲೆರನಿಗೆ ಮೆಚ್ಚಿ ಬೇಕಾದ್ದು ಬೇಡೆಂದ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತಿತು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಗುಡಿಯ ಪೂಜಾರಿಯಾದ ಗೊರವನಿಗೆ ಶಾಸನವೇ ಕಟ್ಟಳೆ ಹಾಕಿತು.

ನಮ್ಮ ಹಿರಿಯರ ಈ ಪದ್ಧತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ವೀರಗಲ್ಲುಗಳಲ್ಲಿ ಅರಸರಿಗಿಂತ ಹೆಚ್ಚಾಗಿ ಕಾಣುವವರು ಊರಿನ ಜನ: ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ತುರುಗೋಳಿನಲ್ಲಿ ಮಡಿದವರು, ಹೆಣ್ಣುಮಕ್ಕಳ ಮಾನ ಕಾಯಲು ಕತ್ತಿ ಹಿಡಿದವರು. ಬೇಗೂರಿನ ಕಲ್ಲಿನಲ್ಲಿ ಬೆಂಗಳೂರಿನ ಹೆಸರು ನಮಗೆ ಸಿಕ್ಕಿದ್ದು ಕೂಡ ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಅಲ್ಲಿಯ ಕಾಳಗದಲ್ಲಿ ಸತ್ತದ್ದರಿಂದ. ಹೊಗಳಿಕೆ ಬಾಯಿಮಾತಿಗೆ ನಿಲ್ಲುತ್ತಿರಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ ಗದ್ದೆ ಬಿಡುತ್ತಿದ್ದರು.

ಹಾಗೆಂದು ಎಲ್ಲವನ್ನೂ ಕಣ್ಣಿಗೊತ್ತಿಕೊಳ್ಳಲಾರೆ. ಹಳೇಬೀಡಿನ ಕುವರ ಲಕ್ಷ್ಮನ ಕಂಬದಲ್ಲಿ ಒಡೆಯನ ಜೊತೆ ಸಾಯಲು ತಲೆ ಕತ್ತರಿಸಿಕೊಳ್ಳುವ ಗರುಡರೆಂಬ ಅಂಗರಕ್ಷಕರಿದ್ದಾರೆ. ಯಾರನ್ನೂ ಉಳಿಸದ ಆ ಸಾವನ್ನು ವೀರವೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಇಂದು ವೃತ್ತಕ್ಕೊಂದು ಪ್ರತಿಮೆ ನಿಲ್ಲಿಸುತ್ತೇವೆ, ನಟರ ಕಟೌಟಿಗೆ ಹಾಲೆರೆಯುತ್ತೇವೆ. ಆದರೆ ವೀರರು ಬೇರೆಡೆ ಇದ್ದಾರೆ. 2015ರಲ್ಲಿ ಕೋಳಿಕ್ಕೋಡಿನ ಮ್ಯಾನ್‌ಹೋಲಿನಲ್ಲಿ ಸಿಕ್ಕಿಬಿದ್ದ ಇಬ್ಬರು ಕಾರ್ಮಿಕರನ್ನು ಉಳಿಸಲು ಆಟೋ ಚಾಲಕನೊಬ್ಬ ಇಳಿದ. ಮೂವರೂ ಸತ್ತರು. ಗುಂಡಿಯೊಳಗಿನ ವಿಷಗಾಳಿ ಒಬ್ಬನನ್ನು ಕೆಡವುತ್ತದೆ, ಅವನನ್ನು ಎತ್ತಲು ಹೋದವನೂ ಮೇಲೆ ಬರುವುದಿಲ್ಲ. ಈ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಲೇ ಇದ್ದೇವೆ. ಇನ್ನೊಬ್ಬನಿಗಾಗಿ ಇಳಿದವನು ತುರುಗೋಳಿನ ವೀರನಿಗೆ ಯಾವುದರಲ್ಲಿ ಕಡಿಮೆ?

ಆದರೆ ಅವನನ್ನು ವೀರನೆಂದು ಕರೆದು ಕೈತೊಳೆದುಕೊಂಡರೆ ಅದು ಮೋಸ. ಮನುಷ್ಯರನ್ನು ಹೀಗೆ ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಇಂದಿನ ನೆತ್ತರುಗೊಡಗೆ. ಕುಟುಂಬವನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ ಅದು ಮನೆಬಾಗಿಲಿಗೆ ತಲುಪಬೇಕು. ಸತ್ತವನ ಹೆಸರು ಆ ಬೀದಿಯಲ್ಲೇ ಕಲ್ಲಿನ ಮೇಲೆ ಇರಬೇಕು. ದನ ಹೊಡೆದುಕೊಂಡು ಹೋದವರು ಯಾರೆಂಬುದನ್ನೂ ಎಷ್ಟೋ ವೀರಗಲ್ಲುಗಳು ಬರೆದಿಟ್ಟಿವೆ. ಈ ಕಲ್ಲಿನಲ್ಲೂ, ಅವನನ್ನು ಗುಂಡಿಗೆ ಇಳಿಸಿದ ಗುತ್ತಿಗೆದಾರನ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾದ ದಿನ, ಆ ಗುತ್ತಿಗೆದಾರನ ಹೆಸರನ್ನೂ ಕೆತ್ತಿಸಿ.