ಜೀವವಿಜ್ಞಾನಿಯ ಕಾಲ ಮತ್ತು ಅನುದಾನದ ಕಾಲ

ಕನ್ನಡ ವಿಭಾಗವೊಂದರ ಸ್ಮರಣ ಸಂಪುಟದಲ್ಲಿ ಜೀವವಿಜ್ಞಾನಿಗಳ ಕಷ್ಟಸುಖದ ಮಾತೇಕೆ ಎಂದು ಓದುಗರಿಗೆ ಅನ್ನಿಸಬಹುದು. ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಬರೆಯಬೇಕಾದವರು ಪ್ರಯೋಗಶಾಲೆಯ ಕಡೆಗೆ ಹೊರಳಿದ್ದು ವಿಷಯಾಂತರವೆಂದೂ ತೋರಬಹುದು. ಆದರೆ ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿಯಲ್ಲಿ ಕನ್ನಡ ವಿಭಾಗವೂ ಜೀವವಿಜ್ಞಾನ ವಿಭಾಗವೂ ಒಂದೇ ಆವರಣದೊಳಗಿವೆ. ಮಳೆ ಬಂದರೆ ಇಬ್ಬರ ಅಂಗಳದಲ್ಲಿಯೂ ನೀರು ನಿಲ್ಲುತ್ತದೆ. ಸಂಶೋಧನೆ ಎಂಬ ಕಾಯಕಕ್ಕೆ ಒದಗಿರುವ ಇಕ್ಕಟ್ಟನ್ನು ಅವರು ನಮಗಿಂತ ಮೊದಲು, ನಮಗಿಂತ ಹೆಚ್ಚು ತೀವ್ರವಾಗಿ ಅನುಭವಿಸುತ್ತಿದ್ದಾರೆ. ಅದನ್ನು ಅರಿಯುವುದು ನಮ್ಮ ಹಿತಕ್ಕೂ ಅಗತ್ಯವೆಂಬ ನಂಬಿಕೆಯಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಈ ವಿಚಾರಕ್ಕೆ ನನ್ನನ್ನು ಎಳೆದವಳು ಡೊಂಬಿವಲಿಯಲ್ಲಿರುವ ನನ್ನ ನೆರೆಮನೆಯ ಹುಡುಗಿ. ಅವಳ ಅಜ್ಜ ಉಡುಪಿಯ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದವರು. ಮೊಮ್ಮಗಳು ನಗರದ ಒಂದು ಸಂಸ್ಥೆಯಲ್ಲಿ ಜೀವಕೋಶಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಒಂದು ಭಾನುವಾರ, ಮಧ್ಯ ರೈಲ್ವೆಯ ಮೆಗಾಬ್ಲಾಕಿನ ದಿನ, ಅವಳು ಚೀಲ ಹೆಗಲಿಗೇರಿಸಿ ಹೊರಟಿದ್ದಳು. ‘ಇವತ್ತೂ ಹೋಗಬೇಕೇನಮ್ಮಾ?’ ಎಂದು ಕೇಳಿದೆ. ‘ಕೋಶಗಳಿಗೆ ಭಾನುವಾರ ಅಂತ ಇಲ್ಲ ಮಾಮ. ಇವತ್ತು ಪೋಷಕದ್ರವ ಬದಲಿಸದಿದ್ದರೆ ಮೂರು ತಿಂಗಳ ಕೆಲಸ ಸತ್ತುಹೋಗ್ತದೆ’ ಎಂದಳು. ಮಾತಿಗೆ ಮಾತು ಬೆಳೆದಾಗ ತಿಳಿದದ್ದು, ಅವಳ ಫೆಲೋಶಿಪ್ ಏಳು ತಿಂಗಳಿಂದ ಬಂದಿಲ್ಲ. ‘ರೈಲು ಪಾಸಿಗೆ ಅಪ್ಪನ ಹತ್ತಿರ ದುಡ್ಡು ಕೇಳ್ಲಿಕ್ಕೆ ನಾಚಿಕೆಯಾಗ್ತದೆ’ ಎಂದಳು.

ಜೀವವಿಜ್ಞಾನಿಯ ಸಮಸ್ಯೆಯ ತಿರುಳು ಈ ಎರಡು ಮಾತುಗಳಲ್ಲಿದೆ. ಅವನ ಸಾಮಗ್ರಿ ಜೀವಂತವಾದದ್ದು. ಕೋಶ, ನೊಣ, ಇಲಿ, ಸಸ್ಯ, ಹಕ್ಕಿ ಇವೆಲ್ಲ ತಮ್ಮ ತಮ್ಮ ಕಾಲಮಾನದಲ್ಲಿ ಬೆಳೆಯುತ್ತವೆ, ಸಾಯುತ್ತವೆ. ಅನುದಾನಕ್ಕೆ ಮಾತ್ರ ಬೇರೆಯೇ ಕಾಲಮಾನವಿದೆ. ಅದು ಸಾಮಾನ್ಯವಾಗಿ ಮೂರು ವರ್ಷಗಳ ಯೋಜನೆಯಾಗಿ ಬರುತ್ತದೆ, ಕಂತುಗಳಲ್ಲಿ ಬರುತ್ತದೆ, ಮಾರ್ಚ್ 31ಕ್ಕೆ ಲೆಕ್ಕ ಕೇಳುತ್ತದೆ. ಕನ್ನಡದ ಸಂಶೋಧಕನಿಗೆ ಕಂತು ತಡವಾದರೆ ಹಸ್ತಪ್ರತಿ ಕಪಾಟಿನಲ್ಲಿ ಕಾಯುತ್ತದೆ. ಜೀವವಿಜ್ಞಾನಿಗೆ ಕಂತು ತಡವಾದರೆ ಪ್ರಯೋಗವೇ ಸಾಯುತ್ತದೆ. ಮತ್ತೆ ಮೊದಲಿನಿಂದ ತೊಡಗಬೇಕು. ಈ ಎರಡು ಕಾಲಗಳ ಹೊಂದಾಣಿಕೆಯಿಲ್ಲದಿರುವುದೇ ಹಣದ ಕೊರತೆಗಿಂತ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ.

ಮುಂಬಯಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1896ರಲ್ಲಿ ಈ ನಗರಕ್ಕೆ ಪ್ಲೇಗು ಬಂದಾಗ ಸರಕಾರ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯನ್ನು ಕರೆಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು — ಇಷ್ಟೇ ಅವನಿಗೆ ದೊರೆತ ಸೌಕರ್ಯ. ತಾನು ತಯಾರಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಅವನು ತನ್ನ ಮೈಗೇ ಚುಚ್ಚಿಸಿಕೊಂಡ. ಬಳಿಕ ಬೈಕಲಾ ಸೆರೆಮನೆಯಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳ ಮೇಲೆ ಅದರ ಪರೀಕ್ಷೆ ನಡೆಯಿತು. ಆಗಾ ಖಾನರು ತಮ್ಮ ಕಟ್ಟಡವನ್ನೇ ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯ ನೆಲೆನಿಂತಿತು. 1925ರಲ್ಲಿ ಅದಕ್ಕೆ ಹಾಫ್‌ಕಿನ್ನನ ಹೆಸರಿಟ್ಟರು. ನಡುವೆ 1902ರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತಾಗ ಅಪವಾದ ಅವನ ತಲೆಗೆ ಬಂತು, ಹುದ್ದೆ ಹೋಯಿತು. ತಪ್ಪು ಅವನ ಪ್ರಯೋಗಶಾಲೆಯದಲ್ಲವೆಂದು ಒಪ್ಪಲು 1907ರವರೆಗೆ ಕಾಯಬೇಕಾಯಿತು.

ಸಾವು ಬಾಗಿಲಿಗೆ ಬಂದಾಗ ನಾವು ಜೀವವಿಜ್ಞಾನಿಯನ್ನು ಹುಡುಕುತ್ತೇವೆ. ಭಯ ಇಳಿದ ಮೇಲೆ ಅವನನ್ನು ಮರೆಯುತ್ತೇವೆ. ಇದು ಪ್ಲೇಗಿನ ಕಾಲಕ್ಕಷ್ಟೇ ಸಲ್ಲುವ ಮಾತಲ್ಲ. 2021ರಲ್ಲಿ ಕೋವಿಡ್ ಹಬ್ಬಿದ್ದಾಗ ಪರೇಲಿನ ಹಾಫ್‌ಕಿನ್ ಔಷಧ ನಿಗಮದ ನೆನಪಾಗಿ, ಲಸಿಕೆ ತಯಾರಿಸಲು ಅದಕ್ಕೆ ಕೇಂದ್ರದಿಂದ 65 ಕೋಟಿ ರೂಪಾಯಿಗಳ ನೆರವು ಘೋಷಣೆಯಾಯಿತು. ನೆರವು ಸ್ವಾಗತಾರ್ಹವೇ. ಆದರೆ ರೋಗ ಬಂದ ಮೇಲೆ ಹಣ ಸುರಿದರೆ ವಿದ್ಯೆ ಮೊಳೆಯುವುದಿಲ್ಲ. ರೋಗವಿಲ್ಲದ ಇಪ್ಪತ್ತು ವರ್ಷಗಳಲ್ಲಿ ಪ್ರಯೋಗಶಾಲೆಯ ದೀಪ ಆರದಂತೆ ನೋಡಿಕೊಂಡಿದ್ದರೆ ಮಾತ್ರ ಆಪತ್ಕಾಲದಲ್ಲಿ ಅದು ಬೆಳಕು ಕೊಡುತ್ತದೆ.

ಎರಡನೆಯ ನಿದರ್ಶನ ಸಲೀಂ ಅಲಿಯವರದು. ಇಂದು ಅವರ ಹೆಸರು ತಿಳಿಯದವರಿಲ್ಲ. ಆದರೆ ಪದವಿಯಿಲ್ಲವೆಂಬ ಕಾರಣಕ್ಕೆ ಅವರಿಗೆ ಪಕ್ಷಿಶಾಸ್ತ್ರದ ಸರಕಾರಿ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರಾದರು. ರಜೆ ಪಡೆದು ಬರ್ಲಿನ್ನಿಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನರ ಬಳಿ ಕಲಿತು 1930ರಲ್ಲಿ ಹಿಂದಿರುಗಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು. ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಸಮುದ್ರದಾಚೆಯ ಕಿಹಿಮ್‌ನಲ್ಲಿದ್ದ ಹೆಂಡತಿಯ ಮನೆತನದ ಮನೆಯಲ್ಲಿ ಉಳಿದು, ಮಳೆಗಾಲವಿಡೀ ಗೀಜಗನ ಹಕ್ಕಿಯ ಗೂಡುಗಳನ್ನು ನೋಡುತ್ತ ಕುಳಿತರು. ಗೀಜಗನ ಸಂತಾನಕ್ರಮದ ಬಗೆಗೆ ಅವರು ಕಂಡುಕೊಂಡ ಸಂಗತಿಗಳು ಅವರಿಗೆ ಕೀರ್ತಿ ತಂದವು. ಮುಂದೆ ದೇಶೀ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳನ್ನು ಅವರು ಸಂಬಳವಿಲ್ಲದೆ, ಬಿಡಾರದ ಖರ್ಚನ್ನಷ್ಟೇ ಪಡೆದು ನಡೆಸಿಕೊಟ್ಟರು. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಯೂ ನಡೆಯಿತು.

ಈ ಕಥೆಯನ್ನು ತ್ಯಾಗದ ಕಥೆಯಾಗಿ ಹೇಳುವ ರೂಢಿಯಿದೆ. ನನಗೆ ಅದರಲ್ಲಿ ಅಪಾಯ ಕಾಣುತ್ತದೆ. ಸಲೀಂ ಅಲಿಯವರಿಗೆ ತಲೆಯ ಮೇಲೊಂದು ಸೂರು, ಕೈಹಿಡಿದು ನಡೆಸಿದ ಹೆಂಡತಿ, ಬಂಧುಬಳಗ ಇದ್ದವು. ಹಾಗಿಲ್ಲದ ಎಷ್ಟು ಜನ ಹುದ್ದೆ ರದ್ದಾದ ದಿನವೇ ವಿದ್ಯೆಗೆ ವಿದಾಯ ಹೇಳಿದರೋ ಲೆಕ್ಕವಿಟ್ಟವರಾರು? ಹೋಟೆಲಿನಲ್ಲಿ ದುಡಿದವರ ಮೊಮ್ಮಗಳಿಗೆ ಕಿಹಿಮ್‌ನಲ್ಲಿ ಮನೆಯಿರುವುದಿಲ್ಲ. ಬಡತನವನ್ನು ಗೆದ್ದ ಒಬ್ಬ ಮಹನೀಯರನ್ನು ತೋರಿಸಿ ಉಳಿದ ನೂರು ಜನರ ಶಿಷ್ಯವೇತನವನ್ನು ತಡೆಹಿಡಿಯುವುದು ನ್ಯಾಯವಲ್ಲ.

ಹಾಗಾದರೆ ಬೇರೆ ದಾರಿ ಇತ್ತೇ? ಇತ್ತು, ಅದೂ ಇದೇ ನಗರದಲ್ಲಿ. 1962ರಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರು ಒಬೈದ್ ಸಿದ್ದೀಕಿ ಎಂಬ ತರುಣ ವಿಜ್ಞಾನಿಯನ್ನು ಕರೆತಂದು ಅಣುಜೀವವಿಜ್ಞಾನದ ವಿಭಾಗವನ್ನು ಆರಂಭಿಸಿದರು. ಯೋಗ್ಯನಾದ ವ್ಯಕ್ತಿಯನ್ನು ಮೊದಲು ಗುರುತಿಸಿ ಅವನ ಸುತ್ತ ಸಂಸ್ಥೆಯನ್ನು ಬೆಳೆಸುವುದು ಭಾಭಾ ಅವರ ಕ್ರಮವಾಗಿತ್ತು. ಭೌತವಿಜ್ಞಾನಿಗಳ ನಡುವೆ ಕುಳಿತು ಸಿದ್ದೀಕಿಯವರು ಮೊದಲು ಸೂಕ್ಷ್ಮಜೀವಿಗಳನ್ನೂ 1970ರ ದಶಕದಿಂದ ಹಣ್ಣುನೊಣಗಳನ್ನೂ ಅಭ್ಯಸಿಸಿದರು. ಬಿಸಿ ಏರಿದಾಗ ಪಾರ್ಶ್ವವಾಯು ಬಡಿದಂತೆ ಬಿದ್ದು, ತಂಪಾದಾಗ ಮತ್ತೆ ಎದ್ದು ನಡೆಯುವ ನೊಣದ ತಳಿಗಳು ಅವರಿಗೂ ಅಮೆರಿಕದ ಸೀಮೂರ್ ಬೆಂಜರ್ ಅವರಿಗೂ ದೊರೆತವು. ನರಗಳಲ್ಲಿ ಸಂದೇಶ ಹರಿಯುವ ಬಗೆಯನ್ನು ತಿಳಿಯಲು ಅವು ನೆರವಾದವು. ಬಳಿಕ ನೊಣಕ್ಕೆ ವಾಸನೆ, ರುಚಿ ತಿಳಿಯುವುದು ಹೇಗೆಂಬ ಪ್ರಶ್ನೆಯನ್ನು ಅವರು ದಶಕಗಳ ಕಾಲ ಬೆನ್ನಟ್ಟಿದರು. ಆ ಬೇರಿನಿಂದಲೇ 1990ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಚಿಗುರಿತು.

‘ನೊಣದ ಮೂಗಿನಿಂದ ದೇಶಕ್ಕೇನು ಲಾಭ?’ ಎಂದು ಮೂರನೆಯ ವರ್ಷದ ಕೊನೆಗೆ ಯಾರಾದರೂ ಪಟ್ಟುಹಿಡಿದು ಕೇಳಿದ್ದರೆ ಆ ಬೇರೇ ಉಳಿಯುತ್ತಿರಲಿಲ್ಲ. ಬೆಂಜರ್ ಮತ್ತು ಅವರ ಶಿಷ್ಯ ಕೊನೊಪ್ಕ ನೊಣದ ದಿನಚರಿಯನ್ನು ಆಳುವ ವಂಶವಾಹಿಯನ್ನು ಗುರುತಿಸಿದ್ದು 1971ರಲ್ಲಿ. ಆ ದಾರಿಯಲ್ಲಿ ಮುಂದೆ ನಡೆದವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 2017ರಲ್ಲಿ. ನಡುವಿನ ಅಂತರ 46 ವರ್ಷ. ಇದು ಯಾವ ಅನುದಾನ ಪತ್ರದ ಅವಧಿಗೂ ಒಗ್ಗುವ ಲೆಕ್ಕವಲ್ಲ.

ಅಂತಹ ಸಂಸ್ಥೆಯ ಸ್ಥಿತಿಯೂ ಸದಾ ನಿಶ್ಚಿಂತವಲ್ಲ ಎಂಬುದನ್ನು ಗಮನಿಸಬೇಕು. 2019ರ ಮಾರ್ಚ್ ಆರಂಭದಲ್ಲಿ, ಸಾಕಷ್ಟು ಹಣವಿಲ್ಲದ ಕಾರಣ ಫೆಬ್ರವರಿಯ ಸಂಬಳದಲ್ಲಿ ಅರ್ಧವನ್ನಷ್ಟೇ ಕೊಡಲಾಗುವುದೆಂದು ಕೊಲಾಬಾದ ಆ ಸಂಸ್ಥೆ ತನ್ನ ಸಿಬ್ಬಂದಿಗೆ ತಿಳಿಸಬೇಕಾಯಿತು. ದೇಶದ ಹೆಮ್ಮೆಯ ಸಂಸ್ಥೆಯ ಪಾಡು ಹೀಗಾದರೆ ವಿಶ್ವವಿದ್ಯಾಲಯದ ವಿಭಾಗಗಳ, ಉಪನಗರದ ಕಾಲೇಜುಗಳ ಪ್ರಾಣಿಶಾಸ್ತ್ರ ಸಸ್ಯಶಾಸ್ತ್ರ ಅಧ್ಯಾಪಕರ ಪಾಡನ್ನು ಊಹಿಸಬಹುದು. ಸ್ವಾತಂತ್ರ್ಯಾನಂತರ ನಾವು ಸಂಶೋಧನೆಯನ್ನು ಪ್ರತ್ಯೇಕ ಸಂಸ್ಥೆಗಳಿಗೆ ಒಪ್ಪಿಸಿ, ಬೋಧನೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟೆವು. ಸಂಸ್ಥೆಗಳು ಬೆಳೆದವು ನಿಜ. ಆದರೆ ಅಲ್ಲಿಗೆ ಹೋಗಬೇಕಾದ ವಿದ್ಯಾರ್ಥಿಗಳನ್ನು ತಯಾರಿಸುವ ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳು ಬಡವಾದವು.

ಅಂಕಿಸಂಖ್ಯೆಗಳೂ ಇದನ್ನೇ ಹೇಳುತ್ತವೆ. 2020-21ರಲ್ಲಿ ಭಾರತವು ಸಂಶೋಧನೆಗೆ ವೆಚ್ಚ ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ಶೇ. 0.64 ಮಾತ್ರ. 2022ರ ಜುಲೈಯಲ್ಲಿ ಸಾರ್ವಜನಿಕ ಸಂಶೋಧನ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗಿದ್ದ ತೆರಿಗೆಯ ರಿಯಾಯಿತಿ ಹೋಗಿ, ಶೇ. 5 ಇದ್ದುದು ಶೇ. 18ಕ್ಕೆ ಏರಿತು. ಮಂಜೂರಾದ ಮೊತ್ತ ಮಾತ್ರ ಅಷ್ಟೇ ಉಳಿಯಿತು. 2023ರ ಜನವರಿಯಿಂದ ಕಿರಿಯ ಸಂಶೋಧಕರ ಶಿಷ್ಯವೇತನವನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗಳಿಗೆ ಹೆಚ್ಚಿಸಿದ್ದು ಮೆಚ್ಚತಕ್ಕ ಕ್ರಮ. ಆದರೆ ಕಾಗದದ ಮೇಲೆ ಹೆಚ್ಚಿದ ವೇತನ ಏಳು ತಿಂಗಳು ಕೈಗೆ ಬಾರದಿದ್ದರೆ ಹೆಚ್ಚಳದ ಸುಖವೇನು? 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಉದ್ದೇಶಿಸಲಾಯಿತು. ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯನ್ನು ಬೆಳೆಸುವ ಅದರ ಗುರಿ ಸರಿಯಾದದ್ದೇ. ಆದರೆ ಅದರಲ್ಲಿ ಸುಮಾರು 36,000 ಕೋಟಿ ಉದ್ಯಮ ಮೊದಲಾದ ಸರಕಾರೇತರ ಮೂಲಗಳಿಂದ ಬರಬೇಕೆಂಬ ನಿರೀಕ್ಷೆಯಿದೆ. ಉದ್ಯಮಿ ತನಗೆ ಬೇಕಾದ ಫಲಕ್ಕೆ ಹಣ ಕೊಡುವುದು ಸಹಜ. ನೊಣದ ಮೂಗಿಗೆ, ಗೀಜಗನ ಗೂಡಿಗೆ ಯಾರು ಕೊಡುತ್ತಾರೆ?

ಇದಕ್ಕೆ ಎದುರಾಗಿ ಒಂದು ಮಾತನ್ನು ಹೇಳುವವರಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಬಡ ದೇಶದ ತೆರಿಗೆಯ ಹಣ ಇದು, ಲೆಕ್ಕ ಕೇಳಬಾರದೇ? ವಿದ್ವಾಂಸರೆಲ್ಲರೂ ಸಿದ್ದೀಕಿಗಳಲ್ಲ, ಅವಕಾಶ ಪಡೆದು ಏನನ್ನೂ ಮಾಡದೆ ಕುಳಿತವರು ನಮ್ಮಲ್ಲಿಯೂ ಇಲ್ಲವೇ? ಇದ್ದಾರೆ. ಲೆಕ್ಕ ಕೇಳಲೇಬೇಕು. ಆದರೆ ಯಾವ ಲೆಕ್ಕ ಎಂಬುದು ಪ್ರಶ್ನೆ. 2010ರಲ್ಲಿ ಧನಸಹಾಯ ಆಯೋಗವು ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಾಗ ಲೇಖನಗಳ ಎಣಿಕೆ ಆರಂಭವಾಯಿತು. ಅದರ ಬೆನ್ನಿಗೆ ದುಡ್ಡು ಕೊಟ್ಟರೆ ಅಚ್ಚುಹಾಕುವ ಪತ್ರಿಕೆಗಳೂ ಹಬ್ಬಿದವು. ಪಿಎಚ್.ಡಿ.ಗೆ ಲೇಖನ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು 2022ರಲ್ಲಿ ಆಯೋಗವೇ ಕೈಬಿಟ್ಟಿತು. ಎಣಿಸುವುದು ಸುಲಭ, ಓದುವುದು ಕಷ್ಟ. ಕೃತಿಯನ್ನು ಓದಿ ಬೆಲೆಕಟ್ಟುವ ಕೆಲಸದಿಂದ ನಾವು ತಪ್ಪಿಸಿಕೊಂಡದ್ದರಿಂದಲೇ ಸಂಖ್ಯೆ ಗದ್ದುಗೆ ಏರಿತು.

ಕನ್ನಡದವರಾದ ನಮಗೆ ಇದು ಅನ್ಯರ ಕಥೆಯೇ? ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ನೆನೆಯೋಣ. ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅದಕ್ಕೂ ಮುಂಚೆ ಶಾಸನ ಕಾವ್ಯಗಳಿಂದ ಪದಗಳನ್ನು ಆಯ್ದ ದೀರ್ಘ ಪರಿಶ್ರಮವಿದೆ. ಮೂರು ವರ್ಷಗಳ ಯೋಜನೆಯಾಗಿದ್ದರೆ ಅದು ‘ಅ’ಕಾರವನ್ನೂ ದಾಟುತ್ತಿತ್ತೋ ಇಲ್ಲವೋ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದದ್ದೂ ಕಾಡುಮೇಡು ಅಲೆದು ಗಿಡವನ್ನು ಅದರ ನೆಲದಲ್ಲಿಯೇ ನೋಡುವ ವ್ಯವಧಾನದಿಂದ. ಅದೇ ಸ್ವಾಮಿಯವರು ‘ಕಾಲೇಜು ರಂಗ’ದಲ್ಲಿ ವಿದ್ಯಾಸಂಸ್ಥೆಗಳ ಸಣ್ಣತನವನ್ನು ನಗೆಯಾಡಿದ್ದನ್ನೂ ಮರೆಯುವಂತಿಲ್ಲ.

ಆದ್ದರಿಂದ ನನ್ನ ಸೂಚನೆಗಳು ಇಷ್ಟೇ. ಒಂದು, ಶಿಷ್ಯವೇತನವು ಸಂಬಳದಂತೆ ತಿಂಗಳ ಮೊದಲ ದಿನ ಕೈಸೇರಬೇಕು. ತಡವಾದರೆ ಹೊಣೆ ಯಾರದೆಂಬುದು ಗೊತ್ತಿರಬೇಕು. ಎರಡು, ವಿಶ್ವವಿದ್ಯಾಲಯದ ಪ್ರತಿಯೊಂದು ವಿಜ್ಞಾನ ವಿಭಾಗಕ್ಕೂ ಯೋಜನೆಯ ಹಂಗಿಲ್ಲದ ಸಣ್ಣ ಮೊತ್ತವೊಂದು ವರ್ಷವರ್ಷವೂ ದೊರೆಯಬೇಕು, ಕಂತು ತಪ್ಪಿದಾಗಲೂ ಕೋಶಗಳು ಬದುಕುವಂತೆ. ಮೂರು, ದೀರ್ಘಕಾಲ ಬೇಡುವ ಪ್ರಶ್ನೆಗಳಿಗೆ ಹತ್ತು ವರ್ಷಗಳ ಅವಧಿಯ ಅನುದಾನವಿರಬೇಕು. ನಡುವೆ ತಜ್ಞರು ಕೆಲಸವನ್ನು ಓದಿ ತೀರ್ಪು ಕೊಡಬೇಕು. ವಿದ್ವತ್ ಮಂಡಳಿಗಳಲ್ಲಿ ಕನ್ನಡ ಪ್ರಾಧ್ಯಾಪಕರೂ ಕುಳಿತಿರುತ್ತಾರೆ. ಪ್ರಯೋಗಶಾಲೆಯ ಹಣದ ಮಾತು ಬಂದಾಗ ನಮಗೆ ಸಂಬಂಧವಿಲ್ಲವೆಂದು ಮೌನವಾಗಿರುವ ಅಭ್ಯಾಸವನ್ನು ನಾವು ಬಿಡಬೇಕು. ನಮ್ಮ ವಿದ್ಯಾರ್ಥಿಗಳು ಮುಂಬಯಿಯ ವಿಜ್ಞಾನಿಗಳ ಬದುಕನ್ನು ಕುರಿತು ಕನ್ನಡದಲ್ಲಿ ಬರೆಯತೊಡಗಿದರೆ ಅದೂ ಒಂದು ಉಪಕಾರವೇ.

ನೆರೆಮನೆಯ ಹುಡುಗಿ ಮೊನ್ನೆ ಔಷಧ ಕಂಪನಿಯೊಂದರ ಅರ್ಜಿಯನ್ನು ತಂದು, ‘ಹಾಕಲೋ ಬೇಡವೋ ಮಾಮ?’ ಎಂದು ಕೇಳಿದಳು. ಇನ್ನು ಒಂದೂವರೆ ವರ್ಷ ತಾಳಿಕೋ ಎಂದು ಹೇಳಬೇಕೆನಿಸಿತು. ಆದರೆ ಹಾಗೆ ಹೇಳುವ ಹಕ್ಕು ನನಗಿದೆಯೇ ಎಂಬ ಸಂಶಯದಿಂದ ಸುಮ್ಮನಾದೆ. ಅವಳು ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಕೋಶಗಳನ್ನು ನೋಡಲು ಪರೇಲಿನ ರೈಲು ಹಿಡಿದಳು.